ತೋಡು ದಾಟಿ ವಿದ್ಯಾಲಯಕ್ಕೆ: ದಾರಿಯ ಕಥೆ, ಬುತ್ತಿಯ ಕಥೆ

ಪುತ್ತೂರು, ಸುಳ್ಯ ಮತ್ತು ಈಚೆಗೆ ತಾಲೂಕೆನಿಸಿದ ಕಡಬ, ಈ ಮೂರೂ ಕೂಡಿದ ಸೀಮೆಯಲ್ಲಿ ಮನೆಗಳು ಒಂದೆಡೆ ಒತ್ತಾಗಿ ನಿಂತಿಲ್ಲ. ಗುಡ್ಡೆಯ ಇಳಿಜಾರಿನಲ್ಲೊಂದು ಮನೆ, ಅದರ ಕೆಳಗೆ ತೋಟ, ತೋಟದಂಚಿಗೆ ತೋಡು, ತೋಡಿನಾಚೆ ಮತ್ತೊಂದು ಗುಡ್ಡೆ, ಅದರ ಮಗ್ಗುಲಲ್ಲಿ ಇನ್ನೊಂದು ಮನೆ, ಹೀಗೆ ಚದರಿ ಹರಡಿದ ವಸತಿಗೇ ಇಲ್ಲಿ ಗ್ರಾಮವೆಂದು ಹೆಸರು. ಇಂಥ ನಾಡಿನಲ್ಲಿ ಮಗುವನ್ನು ಓದಲು ಕಳುಹಿಸಬೇಕೆಂದ ತಂದೆತಾಯಿಗಳ ಮುಂದೆ ಮೊದಲು ನಿಲ್ಲುತ್ತಿದ್ದ ಪ್ರಶ್ನೆಗಳು ಎರಡು: ಮಳೆಗಾಲದಲ್ಲಿ ಹೊಳೆ ದಾಟುವುದು ಹೇಗೆ, ಮಧ್ಯಾಹ್ನ ಉಣ್ಣುವುದೇನು. ಈಗ ವಿಶ್ವವಿದ್ಯಾನಿಲಯಗಳು ಆಹಾರ ಮತ್ತು ಸಂಚಾರದ ಸುಸ್ಥಿರತೆಯೆಂದು ಸಮಿತಿಗಳನ್ನು ರಚಿಸಿ ವಿಚಾರಿಸುತ್ತಿರುವ ವಿಷಯವು, ಆ ಶಬ್ದವು ಬಳಕೆಗೆ ಬರುವುದಕ್ಕೆ ಬಹುಮೊದಲೇ, ಇಲ್ಲಿಯ ಸಾಮಾನ್ಯ ಜನರ ನಿತ್ಯದ ಚಿಂತೆಯಾಗಿದ್ದಿತು; ಅವರು ಕಂಡುಕೊಂಡ ಪರಿಹಾರಗಳೂ ಬಹುಮಟ್ಟಿಗೆ ಈ ನೆಲದಲ್ಲಿಯೇ ಹುಟ್ಟಿದುವು.

ಮೊದಲನೆಯ ಪರಿಹಾರವೆಂದರೆ ವಿದ್ಯಾಲಯವನ್ನೇ ಹತ್ತಿರಕ್ಕೆ ತಂದುದು. 1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ಆರಂಭಿಸುವ ತನಕ, ಈ ಭಾಗದ ಯುವಕನಿಗೆ ಪದವಿ ಬೇಕೆಂದರೆ ಮಂಗಳೂರಿಗೋ ಅದಕ್ಕೂ ದೂರದ ನಗರಕ್ಕೋ ಹೋಗಿ, ಬಂಧುಗಳ ಮನೆಯಲ್ಲಿಯೋ ಬಾಡಿಗೆಯ ಕೋಣೆಯಲ್ಲಿಯೋ ನೆಲೆಸದೆ ಗತಿಯಿರಲಿಲ್ಲ. ಯುವತಿಯ ಪಾಲಿಗಂತೂ ಬಾಗಿಲು ಬಹುತೇಕ ಮುಚ್ಚಿಯೇ ಇದ್ದಿತು. 1965ರಲ್ಲಿ ಪುತ್ತೂರಿನಲ್ಲಿ ವಿವೇಕಾನಂದ ಕಾಲೇಜು ಬಂತು. 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜನ್ನು ಸ್ಥಾಪಿಸಿದರು. 1983ರಲ್ಲಿ ಕುಕ್ಕೆ ಸುಬ್ರಹ್ಮಣ್ಯದ ದೇವಾಲಯದ ಆಶ್ರಯದಲ್ಲಿ ಕಾಲೇಜು ತೆರೆಯಿತು. ಈ ನಡುವೆ 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ರೂಪುಗೊಂಡಿತು. ವಿದ್ಯಾರ್ಥಿಯು ಬೆಳಗ್ಗೆ ಮನೆಯಲ್ಲಿ ಉಂಡು ಹೊರಟು ಸಂಜೆ ಮನೆಗೇ ಮರಳುವಂತಾದುದರಿಂದ ಎಷ್ಟು ದೂರದ ಪ್ರಯಾಣ ಉಳಿಯಿತು, ಎಷ್ಟು ಸಂಸಾರಗಳ ಸಾಲ ತಪ್ಪಿತು ಎಂಬುದನ್ನು ಯಾರೂ ಲೆಕ್ಕವಿಟ್ಟಂತಿಲ್ಲ. ಆದರೆ ವಿದ್ಯಾರ್ಥಿಗಳ ಸಂಚಾರದ ಹೊರೆಯನ್ನು ಇಳಿಸಿದ ಕಾರ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲಿ ನಡೆದಿಲ್ಲವೆಂದೇ ನನ್ನ ಅಭಿಪ್ರಾಯ.

ಕಾಲೇಜು ಹತ್ತಿರ ಬಂದರೂ ನೀರು ನಡುವೆ ಉಳಿದೇ ಇದ್ದಿತು. ಆಟಿ ತಿಂಗಳಲ್ಲಿ ಕೆಂಪಾಗಿ ಉಕ್ಕುವ ತೋಡುಗಳಿಗೆ ಎರಡು ಅಡಿಕೆಯ ಮರಗಳನ್ನು ಜೋಡಿಸಿ ಹಾಕಿದ ಕಾಲುಸಂಕ; ಪಯಸ್ವಿನಿ, ಕುಮಾರಧಾರೆಯಂಥ ಹೊಳೆಗಳಿಗೆ ಕಡವಿನ ದೋಣಿ; ದೋಣಿ ನಿಂತ ದಿನ ಪಾಠವೂ ನಿಂತಂತೆಯೇ. ಈ ಸಂಕಟಕ್ಕೆ ಸುಳ್ಯದಲ್ಲಿ ದೊರೆತ ಉತ್ತರವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಯಂತ್ರಶಿಲ್ಪವನ್ನು ಕಲಿತು ಊರಿಗೆ ಮರಳಿ ಕಾರ್ಯಾಗಾರವನ್ನು ನಡೆಸುತ್ತಿದ್ದ ಗಿರೀಶ್ ಭಾರದ್ವಾಜರಲ್ಲಿಗೆ, ಪಯಸ್ವಿನಿಯ ದಡದ ಅರಂಬೂರಿನ ಜನ ತಮಗೊಂದು ಸೇತುವೆ ಬೇಕೆಂದು ಬಂದರು. ಭಾರದ್ವಾಜರು ಕಲಿತ ವಿದ್ಯೆ ಯಂತ್ರಗಳದ್ದು, ಸೇತುವೆಗಳದ್ದಲ್ಲ. ಆದರೂ ಗ್ರಂಥಗಳನ್ನು ಶೋಧಿಸಿ, ಹಗ್ಗದ ಬಲವನ್ನೂ ಭಾರದ ಹಂಚಿಕೆಯನ್ನೂ ಗುಣಿಸಿ, ಊರವರ ಮೈಮುರಿದ ದುಡಿಮೆಯನ್ನು ಜೊತೆಗೂಡಿಸಿಕೊಂಡು 1989ರಲ್ಲಿ ಅಲ್ಲಿ ತೂಗುಸೇತುವೆಯೊಂದನ್ನು ನಿಲ್ಲಿಸಿದರು. ಎರಡೂ ದಡಗಳಲ್ಲಿ ಭದ್ರವಾದ ಬುಡ, ಗೋಪುರದಂತೆ ಎದ್ದ ಕಂಬಗಳು, ಅವುಗಳ ಮೇಲಿಂದ ಹಾಯ್ದ ಉಕ್ಕಿನ ಹಗ್ಗಗಳು, ಆ ಹಗ್ಗಗಳಿಂದ ಇಳಿಬಿದ್ದ ಸರಳುಗಳು ಎತ್ತಿ ಹಿಡಿದ ಕಿರಿದಾದ ನಡೆದಾರಿ: ರಚನೆಯ ತತ್ತ್ವ ಇಷ್ಟೇ. ಹೊಳೆಯ ಪಾತ್ರದೊಳಗೆ ಒಂದು ಕಂಬವನ್ನೂ ಊರಬೇಕಾಗಿಲ್ಲವಾದುದರಿಂದ ನೆರೆಗೆ ಎದುರು ನಿಂತು ತಡೆಯೊಡ್ಡುವುದು ಏನೂ ಇಲ್ಲ. ವಾಹನದ ಸೇತುವೆಗೆ ತಗಲುವ ವೆಚ್ಚದ ಸಣ್ಣದೊಂದು ಅಂಶದಲ್ಲಿ, ಕೆಲವೇ ತಿಂಗಳುಗಳಲ್ಲಿ ಕೆಲಸ ಮುಗಿಯುತ್ತದೆ. ಅರಂಬೂರಿನಿಂದ ಮೊದಲಾದ ಈ ಕಾರ್ಯವು ನೂರನ್ನು ಮೀರಿ ಬೆಳೆದು, ಕೇರಳ, ಆಂಧ್ರ, ಒಡಿಶಾಗಳ ದುರ್ಗಮ ಗ್ರಾಮಗಳನ್ನೂ ಮುಟ್ಟಿತು; 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಗಾಡಿಯಲ್ಲಿ ಸುತ್ತಿ ಬಳಸಿ ಹೋಗಬೇಕಾದಲ್ಲಿ ಪುಸ್ತಕದ ಚೀಲ ಹೊತ್ತ ಹುಡುಗಿಯೊಬ್ಬಳು ನಡೆದೇ ದಾಟಿ ತರಗತಿಯನ್ನು ಸೇರುವಂತೆ ಮಾಡಿದ ಈ ಶಿಲ್ಪವು, ಹೊಗೆಯಿಲ್ಲದ, ಇಂಧನವಿಲ್ಲದ ಸಂಚಾರಕ್ಕೆ ನಮ್ಮ ನಾಡು ಕೊಟ್ಟ ಅತ್ಯುತ್ತಮ ಕೊಡುಗೆಗಳಲ್ಲಿ ಒಂದು. ಸರಕಾರವೂ ಮುಂದೆ ಮಲೆನಾಡು ಮತ್ತು ಕರಾವಳಿಯ ಮಕ್ಕಳಿಗಾಗಿ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಿಂದ ಕಿರುಸೇತುವೆಗಳನ್ನು ಕಟ್ಟಿಸಲು ತೊಡಗಿತು.

ನಡಿಗೆ ಮುಗಿದಲ್ಲಿ ಬಸ್ಸು. ಪುತ್ತೂರನ್ನು ಕೇಂದ್ರವಾಗಿಸಿಕೊಂಡ ಸಾರಿಗೆ ನಿಗಮದ ವಿಭಾಗವು ಒಳಮಾರ್ಗಗಳಿಗೆ ಬಿಟ್ಟ ಕೆಂಪು ಬಸ್ಸುಗಳೂ, ರಿಯಾಯಿತಿಯ ವಿದ್ಯಾರ್ಥಿ ಪಾಸೂ ಇಲ್ಲದಿದ್ದರೆ ಹಳ್ಳಿಯ ಎಷ್ಟೋ ಮಕ್ಕಳ ಓದು ಹೈಸ್ಕೂಲಿಗೇ ಮುಗಿಯುತ್ತಿದ್ದಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯು ವಿದ್ಯಾರ್ಥಿನಿಯರ ಆ ಖರ್ಚನ್ನೂ ಇಲ್ಲವಾಗಿಸಿತು. ರೈಲಿನ ಕಥೆ ಮಾತ್ರ ಏಳುಬೀಳಿನದು. ಮಂಗಳೂರು–ಹಾಸನ ಮಾರ್ಗವು 1979ರಲ್ಲಿ ಪೂರ್ಣಗೊಂಡು, ಹಳಿಯನ್ನು ಅಗಲಗೊಳಿಸುವ ಸಲುವಾಗಿ 1996ರಲ್ಲಿ ಘಟ್ಟದ ಸಂಚಾರ ನಿಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಘಟ್ಟವನ್ನೇರಿತು. ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳದಂಥ ಸಣ್ಣ ನಿಲ್ದಾಣಗಳ ಜನಕ್ಕೆ ಬೇಕಾಗಿದ್ದುದಾದರೋ ರಾತ್ರಿ ಹಾದುಹೋಗುವ ದೂರದ ರೈಲಲ್ಲ, ಬೆಳಗ್ಗೆ ಹೋಗಿ ಸಂಜೆ ಬರುವ ಲೋಕಲ್ ರೈಲು. ಮಂಗಳೂರಿನಿಂದ ಕಬಕ ಪುತ್ತೂರಿನವರೆಗೆ ಬಂದು ಹಿಂದಿರುಗುತ್ತಿದ್ದ ಪ್ಯಾಸೆಂಜರ್ ಗಾಡಿಯನ್ನು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ವಿಸ್ತರಿಸಿದುದು 2025ರ ಏಪ್ರಿಲಿನಲ್ಲಿ. ಸುಳ್ಯ ಪೇಟೆಗಂತೂ ಇಂದಿಗೂ ರೈಲಿಲ್ಲ. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯಗಳ ಮೂಲಕ ಕಾಣಿಯೂರನ್ನು ಸೇರಬೇಕಾದ ಹಳಿಯು ಸರ್ವೆಯ ಕಾಗದದಲ್ಲಿಯೇ ಉಳಿದಿದೆ.

ಇನ್ನು ಬುತ್ತಿ. ಹಿರಿಯ ತಲೆಮಾರಿನವರ ಬುತ್ತಿಯಲ್ಲಿ ಇದ್ದುದು ತಮ್ಮದೇ ಗದ್ದೆಯ ಕುಚ್ಚಲಕ್ಕಿಯ ಅನ್ನ, ಮಿಡಿ ಉಪ್ಪಿನಕಾಯಿ, ಮಳೆಗಾಲವಾದರೆ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ಬುತ್ತಿ ತರಲಾರದ ಮಕ್ಕಳಿಗೆ ಒಂದು ಕಾಲದಲ್ಲಿ ಕೇರ್ ಸಂಸ್ಥೆಯ ಹಳದಿ ಸಜ್ಜಿಗೆ ಒದಗಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹವು ಅನಂತರ ಇಲ್ಲಿಗೂ ಬಂದು ಶಾಲೆಗಳಲ್ಲಿ ಬಿಸಿಯೂಟವನ್ನು ನೆಲೆಗೊಳಿಸಿತು. ಆದರೆ ಈ ದಶಕಗಳ ನಡುವೆ ಅನ್ನದ ಮೂಲವೇ ಬದಲಾಯಿತು. ಅಡಿಕೆಯ ಧಾರಣೆ ಕುಸಿದು ಕೃಷಿಕರು ಕಂಗೆಟ್ಟಾಗ, 1973ರ ಜುಲೈ 11ರಂದು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಹುಟ್ಟಿ ಅವರ ಬದುಕನ್ನು ಉಳಿಸಿತು. ಅಡಿಕೆಗೆ ಬಂದ ಆ ಭರವಸೆಯೂ ಕೆಲಸದಾಳುಗಳ ಅಭಾವವೂ ಸೇರಿ ಗದ್ದೆಗಳು ಒಂದೊಂದಾಗಿ ತೋಟಗಳಾದುವು, ಉಳಿದವು ಬೇಸಾಯವಿಲ್ಲದೆ ಹಡೀಲು ಬಿದ್ದುವು. ಹೀಗೆ ಅನ್ನವನ್ನು ಬೆಳೆಯುತ್ತಿದ್ದ ಸೀಮೆಯು ಅನ್ನವನ್ನು ಲಾರಿಯಲ್ಲಿ ತರಿಸಿಕೊಳ್ಳುವ ಸೀಮೆಯಾಯಿತು. ಇದಕ್ಕೆ ಕೃಷಿಕನನ್ನು ದೂರುವುದು ಅನ್ಯಾಯ. ತೋಟದ ಆದಾಯದಿಂದಲೇ ಅವನು ಮಕ್ಕಳನ್ನು ಓದಿಸಿದನು.

ಮರುಚಿಂತನೆಯೂ ಇಲ್ಲಿಂದಲೇ ಹೊರಟಿತು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು, ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ಕೃಷಿಕನ ಕೈಗೇ ಲೇಖನಿಯನ್ನು ಕೊಟ್ಟು, ಗುಡ್ಡೆಯಲ್ಲಿ ಕೊಳೆತು ಹೋಗುತ್ತಿದ್ದ ಹಲಸಿಗೆ ಆಹಾರವೆಂಬ ಗೌರವವನ್ನು ಮರಳಿಸಿತು. ನೆರೆಯ ಕಾಸರಗೋಡಿನ ಸತ್ಯನಾರಾಯಣ ಬೇಲೇರಿಯವರು ಆರುನೂರಕ್ಕೂ ಮಿಕ್ಕ ಭತ್ತದ ತಳಿಗಳನ್ನು ಕಾಪಿಟ್ಟು 2024ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಉದುರಿದ ಅಡಿಕೆ ಹಾಳೆಯಿಂದ ಒತ್ತಿ ತೆಗೆದ ತಟ್ಟೆಯು ಸಮಾರಂಭಗಳ ಊಟದಿಂದ ಪ್ಲಾಸ್ಟಿಕನ್ನು ಹೊರಹಾಕತೊಡಗಿದುದು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2022ರ ಜುಲೈಯಲ್ಲಿ ದೇಶದ ಕಾನೂನು ನಿಷೇಧ ಹೇರುವುದಕ್ಕೆ ಬಹಳ ಹಿಂದೆಯೇ. ಸರಕಾರಿ ಶಾಲೆಗಳು ಆವರಣದಲ್ಲಿಯೇ ಅಡಿಕೆ, ತೆಂಗು, ತರಕಾರಿಗಳನ್ನು ಬೆಳೆದು ಬಿಸಿಯೂಟಕ್ಕೂ ಶಾಲೆಯ ಖರ್ಚಿಗೂ ಒದಗಿಸಿಕೊಳ್ಳುವ ಕ್ರಮವು ಜಿಲ್ಲೆಯಲ್ಲಿ ಬೇರೂರಿದೆ. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಹಡೀಲು ಗದ್ದೆಗೆ ಇಳಿದು ನೇಜಿ ನೆಡುವುದೂ ಈಗ ಅಪರೂಪವಲ್ಲ. ಇದನ್ನು ಒಂದು ದಿನದ ಉತ್ಸವವೆಂದು ತಿರಸ್ಕರಿಸುವವರನ್ನು ನಾನು ಒಪ್ಪಲಾರೆ. ಕೆಸರನ್ನೇ ಕಂಡರಿಯದ ತಲೆಮಾರಿಗೆ ಒಂದು ದಿನವೂ ದೊಡ್ಡದೇ.

ಆದರೂ ನೆಟ್ಟ ಕೈಗೂ ಉಣ್ಣುವ ತಟ್ಟೆಗೂ ಇನ್ನೂ ಸಂಬಂಧ ಕೂಡಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಸಾಧ್ಯವಾದುದು ಕಾಲೇಜಿನ ಕ್ಯಾಂಟೀನಿನಲ್ಲಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ. ಈ ಮೂರು ತಾಲೂಕುಗಳ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಹಡೀಲು ಗದ್ದೆಯನ್ನು ಮತ್ತೆ ಬೇಸಾಯಕ್ಕೆ ತಂದ ರೈತನ ಕುಚ್ಚಲಕ್ಕಿಯನ್ನು ನ್ಯಾಯವಾದ ಬೆಲೆಗೆ ವರ್ಷಕ್ಕೆ ಮುಂಗಡವಾಗಿ ಒಪ್ಪಿಕೊಳ್ಳಿರಿ, ಹಲಸಿನ ಕಾಲದಲ್ಲಿ ವಾರಕ್ಕೆ ಒಂದೆರಡು ದಿನವಾದರೂ ಅದರ ಅಡುಗೆ ಇರಲಿ, ತರಗತಿಯ ವೇಳೆಯನ್ನು ಗೊತ್ತುಮಾಡುವಾಗ ಊರಿನ ಬಸ್ಸಿನ, ಲೋಕಲ್ ರೈಲಿನ ವೇಳೆಯನ್ನು ಮುಂದಿಟ್ಟುಕೊಳ್ಳಿರಿ, ಮತ್ತು ಬೈಕುಗಳಿಗಾಗಿ ಇನ್ನೊಂದು ತಗಡಿನ ಚಪ್ಪರವನ್ನು ಕಟ್ಟಿಸುವ ಮುಂಚೆ, ನಿಮ್ಮ ವಿದ್ಯಾರ್ಥಿಗಳು ನಡೆದು ಬರುವ ದಾರಿಯಲ್ಲಿ ಯಾವ ತೋಡಿಗೆ ಇನ್ನೂ ಸಂಕವಿಲ್ಲವೆಂಬುದನ್ನು ವಿಚಾರಿಸಿರಿ.