ದೇವಾಲಯದಲ್ಲಿ ತೂಗಿದ ಹೊನ್ನ ಮುಳ್ಳುಗಳು



ಕುದುರೆಯನ್ನು ಓಡಿಸಲು ಸವಾರನು ಹಿಮ್ಮಡಿಗೆ ಬಿಗಿಯುವ ಲೋಹದ ಮುಳ್ಳಿಗೆ ‘ಸ್ಪರ್’ ಎಂದು ಹೆಸರು. ಹಳೆಯ ಅಶ್ವದಳಗಳ ಸ್ಪರ್‌ಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಯುರೋಪ್, ಅಮೆರಿಕಗಳಲ್ಲಿದ್ದಾರೆ. ಅಂಗೈಯಗಲದ ಈ ವಸ್ತುವಿನ ಸಂಗ್ರಹವೊಂದು ಹಿಂದೆ ಒಂದು ಪಟ್ಟಣದ ಪಾಲಿಗೆ ಮುಳುವಾಯಿತು.

1302ರ ಜುಲೈ 11ರಂದು, ಈಗಿನ ಬೆಲ್ಜಿಯಂನ ಕೋರ್ಟ್ರೈಕ್ ಪಟ್ಟಣದ ಬಳಿ, ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪನ ಅಶ್ವದಳವನ್ನು ಫ್ಲಾಂಡರ್ಸ್‌ನ ನೇಕಾರರೂ ಕಸುಬುದಾರರೂ ಕಾಲಾಳುಗಳಾಗಿ ನಿಂತು ಸೋಲಿಸಿದರು. ತೊರೆಗಳೂ ಜೌಗು ನೆಲವೂ ಕುದುರೆಗಳ ವೇಗವನ್ನು ನುಂಗಿದವು. ಹೊನ್ನಿನ ಲೇಪದ ಸ್ಪರ್ ನೈಟ್ ಪದವಿಯ ಕುರುಹು. ಮಡಿದವರ ಹಿಮ್ಮಡಿಗಳಿಂದ ಬಿಚ್ಚಿದ ಸ್ಪರ್‌ಗಳನ್ನು, 500 ಜೊತೆಗಳೆಂದು ಪ್ರತೀತಿ, ಗೆದ್ದವರು ಅಲ್ಲಿಯ ಮಾತೆ ಮರಿಯಮ್ಮನವರ ದೇವಾಲಯದಲ್ಲಿ ತೂಗುಹಾಕಿದರು. ಅದು ಕೃತಜ್ಞತೆಯ ಕಾಣಿಕೆಯೋ, ಗೆಲುವಿನ ಪ್ರದರ್ಶನವೋ? ಎರಡೂ ಬೆರೆತಿದ್ದಿರಬೇಕು. ಎಂಬತ್ತು ವರ್ಷಗಳ ಬಳಿಕ, 1382ರಲ್ಲಿ, ಫ್ಲಾಂಡರ್ಸ್‌ನವರನ್ನು ಸೋಲಿಸಿದ ಫ್ರೆಂಚರು ಕೋರ್ಟ್ರೈಕನ್ನು ಸುಟ್ಟು, ಸ್ಪರ್‌ಗಳನ್ನು ಕೊಂಡೊಯ್ದರು. ಆ ಸ್ಪರ್‌ಗಳ ನೆನಪು ದೊರೆಯ ಸೇಡನ್ನು ಕೆರಳಿಸಿತೆಂದು ಅಂದಿನ ಚರಿತ್ರಕಾರ ಫ್ರುವಾಸಾರ್ ಬರೆದಿದ್ದಾನೆ. ಒಬ್ಬರ ಕಾಣಿಕೆ ಮತ್ತೊಬ್ಬರಿಗೆ ಆರದ ಅವಮಾನವಾಗಿತ್ತು.

ಇಂದು ಸಂಗ್ರಾಹಕರ ಕೈಸೇರುವ ಸ್ಪರ್‌ಗಳು ಬಹುಮಟ್ಟಿಗೆ ಕಳೆದೆರಡು ಶತಮಾನಗಳವು: ಅಮೆರಿಕದ ಅಂತರ್ಯುದ್ಧ (1861–65) ಕಾಲದ ಹಿತ್ತಾಳೆಯವು, ಬ್ರಿಟಿಷ್ ದಳಗಳ ಉಕ್ಕಿನವು. ಬಲ್ಲವರು ಮೊದಲು ತಯಾರಕರ ಮುದ್ರೆಯನ್ನು ಹುಡುಕುತ್ತಾರೆ. ಬಳಿಕ ಹಲ್ಲುಚಕ್ರ ತಿರುಗುವ ಕೀಲು ಸವೆದಿದೆಯೇ ಎಂದು ನೋಡುತ್ತಾರೆ. ಎರಕದ ನಕಲುಗಳಲ್ಲಿ ಗೆರೆಗಳು ಮಸುಕಾಗಿರುವುದುಂಟು. ಒಂಟಿಗಿಂತ ಜೊತೆಗೆ ಬೆಲೆ ಹೆಚ್ಚು. ಹೊಳಪಿನ ಆಸೆಗೆ ಉಜ್ಜಿದರೆ ಮುದ್ರೆಯೂ, ಕಾಲ ಹಚ್ಚಿದ ಬಣ್ಣವೂ ಅಳಿಯುತ್ತವೆ, ಬೆಲೆಯೂ ಇಳಿಯುತ್ತದೆ. ಹರಡುವ ತುಕ್ಕನ್ನಷ್ಟೇ ತುಸು ಎಣ್ಣೆ ಸವರಿ ಮೆಲ್ಲನೆ ತೆಗೆಯಬೇಕು.

ವಸ್ತುವನ್ನು ಅದರ ಉದ್ದೇಶದಿಂದ ಅರಿಯಬೇಕೆಂದು ಅರಿಸ್ಟಾಟಲ್ ಕಲಿಸಿದನು. ಕುದುರೆಯನ್ನು ಓಡಿಸುವ ಉದ್ದೇಶ ತೀರಿದ ಮೇಲೆಯೇ ಸ್ಪರ್ ಸಂಗ್ರಾಹಕನ ಕೈಸೇರುವುದು. ಅದಕ್ಕೆ ಹೊಸ ಉದ್ದೇಶ ಕೊಡುವವನು ಅವನೇ. ಹೆಮ್ಮೆಗಾಗಿ ಇಟ್ಟರೆ ಅದು ಹಳೆಯ ಗಾಯವನ್ನು ಕೆದಕೀತು. ಧರಿಸಿದವನ ನೆನಪಿಗಾಗಿ ಇಟ್ಟರೆ, ಹೆಸರು ಮರೆತುಹೋದ ಒಬ್ಬ ಸವಾರನಿಗೆ ನಮ್ಮ ಮನೆಯಲ್ಲಿ ಇಷ್ಟು ಜಾಗ ದೊರೆತೀತು. ನಮ್ಮ ಗಾಜಿನ ಕಪಾಟುಗಳಲ್ಲಿರುವ ವಸ್ತುಗಳನ್ನು ನಾವು ಯಾವುದಕ್ಕಾಗಿ ಇಟ್ಟುಕೊಂಡಿದ್ದೇವೆ?