ಜಾಲತಾಣಕ್ಕೆ ಬೀಗ ಹಾಕುವುದು ಹೇಗೆ?

1697ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ‘ಅಡ್ವೆಂಚರ್ ಗ್ಯಾಲಿ’ ಎಂಬ ಇಂಗ್ಲಿಷ್ ಹಡಗೊಂದು ನೀರು ಮೊದಲಾದ ಅಗತ್ಯಗಳಿಗಾಗಿ ಕಾರವಾರದಲ್ಲಿ ಲಂಗರು ಹಾಕಿತು. ಅದರ ನಾಯಕನ ಹೆಸರು ವಿಲಿಯಂ ಕಿಡ್. ಕಡಲ್ಗಳ್ಳರನ್ನು ಹಿಡಿಯುವುದಕ್ಕೆಂದು ಇಂಗ್ಲೆಂಡಿನ ಅರಸನಿತ್ತ ಸನ್ನದು ಅವನ ಬಳಿ ಇದ್ದಿತು. ಆದರೆ ಹಡಗನ್ನು ಬಿಟ್ಟು ಓಡಿಬಂದ ಅವನ ನಾವಿಕರು ಇಲ್ಲಿಯ ಇಂಗ್ಲಿಷ್ ಕೋಠಿಯವರಿಗೆ ಹೇಳಿದ ಸುದ್ದಿಯೇ ಬೇರೆ: ಕಳ್ಳರನ್ನು ಹಿಡಿಯಬಂದವನು ತಾನೇ ಕಳ್ಳನಾಗಿದ್ದಾನೆ! ಮುಂದೆ ಕೊಲೆ ಮತ್ತು ಕಡಲ್ಗಳ್ಳತನಗಳ ಆಪಾದನೆಯ ಮೇಲೆ ಲಂಡನ್ನಿನಲ್ಲಿ ವಿಚಾರಣೆ ನಡೆದು, 1701ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಹಿಡಿದ ಹಡಗುಗಳಲ್ಲಿ ಫ್ರೆಂಚರ ರಹದಾರಿಗಳಿದ್ದುವು, ಆದುದರಿಂದ ಅವನ್ನು ಹಿಡಿದುದು ನ್ಯಾಯವೇ ಎಂದು ಅವನು ವಾದಿಸಿದ್ದನು. ಆ ರಹದಾರಿಗಳು ವಿಚಾರಣೆಯ ವೇಳೆಗೆ ಸಿಕ್ಕಲಿಲ್ಲ. ಎರಡು ಶತಮಾನಗಳು ಕಳೆದ ಮೇಲೆ ಲಂಡನ್ನಿನ ಸರಕಾರಿ ಕಾಗದಪತ್ರಗಳ ನಡುವೆ ದೊರೆತುವು. ಕಿಡ್ ನಿರಪರಾಧಿಯೆಂದು ನಾವು ಹೇಳುತ್ತಿಲ್ಲ. ಆಪಾದನೆ ಬೇರೆ, ರುಜುವಾತು ಬೇರೆ ಎಂಬುದಷ್ಟೇ ಈ ಕಥೆಯಿಂದ ನಾವು ತೆಗೆದುಕೊಳ್ಳಬೇಕಾದ ಪಾಠ.

ಕಡಲ್ಗಳ್ಳತನಕ್ಕೆ ಇಂಗ್ಲಿಷಿನಲ್ಲಿರುವ ‘ಪೈರಸಿ’ ಎಂಬ ಶಬ್ದವೇ ಇಂದು ಇನ್ನೊಂದು ಬಗೆಯ ಕಳವಿಗೂ ಸಲ್ಲುತ್ತಿದೆ. ಈ ಕಳ್ಳನಿಗೆ ಹಡಗು ಬೇಡ, ಫಿರಂಗಿ ಬೇಡ. ಒಂದು ಜಾಲತಾಣವಿದ್ದರೆ ಸಾಕು. ಅಂಥ ತಾಣಗಳನ್ನು ಸರಕಾರವೂ ನ್ಯಾಯಾಲಯಗಳೂ ಮುಚ್ಚಿಸುತ್ತಿರುವ ಸಂಗತಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಗೋಡೆಯಾಗಲಿ ಬಾಗಿಲಾಗಲಿ ಇಲ್ಲದ ಈ ಅಂಗಡಿಗೆ ಬೀಗ ಹಾಕುವುದಾದರೂ ಹೇಗೆ?

ಎರಡು ಬಗೆಯ ಕಳವು

ಮೊದಲನೆಯದು ಕೃತಿಯ ಕಳವು. ಪುಸ್ತಕ, ಹಾಡು, ಚಲನಚಿತ್ರ ಮುಂತಾದವುಗಳ ಪ್ರತಿಗಳನ್ನು ಮಾಡುವ ಹಕ್ಕು ಅವುಗಳ ಒಡೆಯರಿಗೆ ಸೇರಿದ್ದು. ಇದಕ್ಕೆ ಕೃತಿಸ್ವಾಮ್ಯವೆಂದು ಹೆಸರು. 2019ರಲ್ಲಿ ತೆರೆಗೆ ಬಂದ ‘ಪೈಲ್ವಾನ್’ ಎಂಬ ಕನ್ನಡ ಚಿತ್ರದ ಕಳ್ಳಪ್ರತಿಗಳು ಬಿಡುಗಡೆಯ ಬೆನ್ನಿಗೇ ಅಂತರ್ಜಾಲದಲ್ಲಿ ಹರಿದಾಡಿದ್ದುವು. ಚಿತ್ರಮಂದಿರಗಳಲ್ಲಿ ಮೊದಲ ವಾರಗಳಲ್ಲೇ ಹಣ ಹಿಂತಿರುಗಬೇಕಾದ ಉದ್ಯಮಕ್ಕೆ ಇದು ಎಂಥ ಪೆಟ್ಟೆಂಬುದನ್ನು ಹೇಳಬೇಕಾಗಿಲ್ಲ.

ಎರಡನೆಯದು ಹೆಸರಿನ ಕಳವು. ಅಂಕೋಲೆಯ ಕರಿ ಇಶಾಡ ಮಾವನ್ನು ತಿಂದವರು ಅದರ ಸವಿಯನ್ನು ಮರೆಯಲಾರರು. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕವೆಂಬ ಮನ್ನಣೆ ದೊರೆಯಿತು. ಬೇರೆ ಯಾವುದೋ ಹಣ್ಣನ್ನು ಇದೇ ಹೆಸರಿನಲ್ಲಿ ಜಾಲತಾಣವೊಂದು ಮಾರಿತೆನ್ನೋಣ. ಆಗ ಬೆಳೆಗಾರನ ಹೆಸರು ಕೆಡುತ್ತದೆ, ಕೊಂಡವನೂ ಮೋಸಹೋಗುತ್ತಾನೆ. ನಕಲಿ ಗಡಿಯಾರ, ನಕಲಿ ಪಾದರಕ್ಷೆಗಳ ವ್ಯಾಪಾರ ಇದೇ ಜಾತಿಯದು. ಔಷಧವೇ ನಕಲಿಯಾದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಇಂಥ ತಾಣಗಳನ್ನು ತಡೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆಯಿರುವುದು ತಡೆಯುವ ಬಗೆಯಲ್ಲಿ.

ಹೆಸರು, ಸಂಖ್ಯೆ, ದಾರಿ

ಕಾರವಾರದ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲಿನಲ್ಲಿ ಒಂದು ತಾಣದ ಹೆಸರನ್ನು ಬರೆಯುತ್ತಾನೆ. ಯಂತ್ರಕ್ಕೆ ಬೇಕಾದುದು ಹೆಸರಲ್ಲ, ಸಂಖ್ಯೆ. ದೂರವಾಣಿ ಡೈರೆಕ್ಟರಿಯಲ್ಲಿ ಹೆಸರಿನೆದುರು ಸಂಖ್ಯೆಯಿರುವಂತೆ, ತಾಣದ ಹೆಸರುಗಳಿಗೂ ಅವುಗಳ ಸಂಖ್ಯೆಗಳಿಗೂ ಜಗದ್ವ್ಯಾಪಿಯಾದ ಒಂದು ಪಟ್ಟಿಯಿದೆ. ಮೊಬೈಲು ಮೊದಲು ಆ ಪಟ್ಟಿಯನ್ನು ವಿಚಾರಿಸಿ ಸಂಖ್ಯೆಯನ್ನು ತಿಳಿಯುತ್ತದೆ. ಅನಂತರ ಸೇವಾಸಂಸ್ಥೆಯ ತಂತಿಗಳ ಮೂಲಕ ಆ ಸಂಖ್ಯೆಯ ಗಣಕಕ್ಕೆ ಕೋರಿಕೆಯನ್ನು ಕಳುಹಿಸುತ್ತದೆ. ಆ ಗಣಕ ಬೆಂಗಳೂರಿನಲ್ಲಿರಬಹುದು, ಹಾಲೆಂಡಿನಲ್ಲಿಯೂ ಇರಬಹುದು. ಅದನ್ನು ಹೋಗಿ ಜಪ್ತಿ ಮಾಡುವುದು ನಮ್ಮ ಪೋಲೀಸರಿಗೆ ಸುಲಭವಲ್ಲ. ಆದುದರಿಂದ ತಡೆಯನ್ನು ಹಾದಿಯ ಮೂರು ಸ್ಥಳಗಳಲ್ಲಿ ಒಡ್ಡುತ್ತಾರೆ.

ಮೊದಲನೆಯದು ಹೆಸರಿನ ತಡೆ. ಪಟ್ಟಿ ವಿಚಾರಿಸಿದವರಿಗೆ ಸೇವಾಸಂಸ್ಥೆಯು ಸಂಖ್ಯೆಯನ್ನು ಹೇಳದೆ ಸುಮ್ಮನಾಗುತ್ತದೆ, ಇಲ್ಲವೆ ಬೇರೆ ಸಂಖ್ಯೆಯನ್ನು ಹೇಳುತ್ತದೆ. ಅಂಗಡಿ ಇದ್ದಲ್ಲಿಯೇ ಇದೆ. ಬದಲಾದುದು ಡೈರೆಕ್ಟರಿ ಮಾತ್ರ. ಅಂಗಡಿಯವನು ಹೊಸ ಹೆಸರೊಂದನ್ನು ನೋಂದಾಯಿಸಿ ಮರುದಿನವೇ ವ್ಯಾಪಾರಕ್ಕೆ ಕೂರಬಲ್ಲ.

ಎರಡನೆಯದು ಸಂಖ್ಯೆಯ ತಡೆ. ಆ ಸಂಖ್ಯೆಗೆ ಹೋಗುವ ಕೋರಿಕೆಗಳನ್ನೆಲ್ಲ ನಡುದಾರಿಯಲ್ಲಿ ನಿಲ್ಲಿಸುವುದು. ಆದರೆ ಒಂದೇ ಕಟ್ಟಡದಲ್ಲಿ ಹಲವು ಅಂಗಡಿಗಳಿರುವಂತೆ, ಒಂದೇ ಸಂಖ್ಯೆಯಲ್ಲಿ ನೂರಾರು ತಾಣಗಳಿರುವುದುಂಟು. ಕಳ್ಳನೊಬ್ಬನಿಗಾಗಿ ಕಟ್ಟಡದ ಹೆಬ್ಬಾಗಿಲನ್ನು ಮುಚ್ಚಿದರೆ ಉಳಿದವರ ಗತಿಯೇನು?

ಮೂರನೆಯದು ಕೋರಿಕೆಯನ್ನೇ ಪರೀಕ್ಷಿಸುವ ತಡೆ. ಇಂದಿನ ಬಹುಪಾಲು ತಾಣಗಳ ಪತ್ರವ್ಯವಹಾರ ಗೂಢಲಿಪಿಯಲ್ಲಿ ನಡೆಯುತ್ತದೆ. ಅಂಚೆಯವನು ಲಕೋಟೆಯ ಮೇಲಿನ ವಿಳಾಸವನ್ನು ಓದಬಲ್ಲನೇ ಹೊರತು ಒಳಗಿನ ಕಾಗದವನ್ನಲ್ಲ. ಅಂತೆಯೇ ಸೇವಾಸಂಸ್ಥೆಗೆ ಸಾಮಾನ್ಯವಾಗಿ ತಾಣದ ಹೆಸರು ಕಾಣಿಸುತ್ತದೆ; ಅದರೊಳಗಿನ ಯಾವ ಪುಟ ಬೇಕೆಂದು ಕೇಳಲಾಗಿದೆ ಎಂಬುದು ಕಾಣಿಸದು. ಈ ಮಾತನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕು. ಹತ್ತು ಲಕ್ಷ ಪುಟಗಳ ತಾಣವೊಂದರಲ್ಲಿ ಒಂದು ಪುಟ ಮಾತ್ರ ಕಳವಿನದಾದರೂ, ಸೇವಾಸಂಸ್ಥೆಯು ಅದೊಂದನ್ನೇ ಆರಿಸಿ ತಡೆಯಲಾರದು. ತಡೆದರೆ ಇಡೀ ತಾಣವನ್ನೇ ತಡೆಯಬೇಕು. ಆ ಒಂದು ಪುಟವನ್ನು ತೆಗೆಯಬಲ್ಲವನು ತಾಣದ ಒಡೆಯನು ಮಾತ್ರ.

ಹೊರದೇಶದ ಅನುಭವ

ಅಮೆರಿಕದ ಸರಕಾರಕ್ಕೆ ಇನ್ನೂ ಮೇಲಿನ ಒಂದು ಕೀಲಿ ಕೈಗೆ ಸಿಕ್ಕಿದೆ. ‘ಡಾಟ್ ಕಾಮ್’ ಎಂದು ಕೊನೆಗೊಳ್ಳುವ ಹೆಸರುಗಳ ಮೂಲಪಟ್ಟಿಯನ್ನು ನಡೆಸುವ ಸಂಸ್ಥೆ ಅದೇ ದೇಶದ್ದು. ನ್ಯಾಯಾಲಯದ ವಾರಂಟಿನೊಡನೆ ಹೆಸರನ್ನು ಮೂಲಪಟ್ಟಿಯಲ್ಲಿಯೇ ವಶಪಡಿಸಿಕೊಂಡರೆ, ಆ ಹೆಸರು ಜಗತ್ತಿನಲ್ಲೆಲ್ಲ ಸರಕಾರದ ಮುದ್ರೆಯಿರುವ ಪುಟವನ್ನು ತೋರಿಸತೊಡಗುತ್ತದೆ. 2010ರ ಜೂನ್ ತಿಂಗಳಲ್ಲಿ ಈ ಕಾರ್ಯಾಚರಣೆ ಆರಂಭವಾಯಿತು. ಅದೇ ವರ್ಷ ನವೆಂಬರಿನಲ್ಲಿ ಒಮ್ಮೆಗೇ 82 ಹೆಸರುಗಳು ವಶವಾದುವು. ಅವುಗಳಲ್ಲಿ ಹೆಚ್ಚಿನವು ನಕಲಿ ಸರಕಿನ ಅಂಗಡಿಗಳು. ಅವುಗಳ ನಡುವೆ ‘ಡಜಾಜ್ ಒನ್’ ಎಂಬ ಸಂಗೀತದ ತಾಣವೂ ಸೇರಿತ್ತು. ತಾನು ಪ್ರಕಟಿಸಿದ ಹಾಡುಗಳನ್ನು ಸಂಗೀತ ಉದ್ಯಮದವರೇ ಪ್ರಚಾರಕ್ಕಾಗಿ ಕಳುಹಿಸಿದ್ದರೆಂದು ಅದರ ಒಡೆಯನು ಹೇಳಿದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿಟ್ಟುಕೊಂಡು, ಯಾವ ಮೊಕದ್ದಮೆಯನ್ನೂ ಹೂಡದೆ, 2011ರ ಡಿಸೆಂಬರಿನಲ್ಲಿ ಸರಕಾರ ಆ ಹೆಸರನ್ನು ಹಿಂತಿರುಗಿಸಿತು.

ನಮ್ಮ ದೇಶದ ಕ್ರಮ

ಕರ್ನಾಟಕದಲ್ಲಿ ಗೂಂಡಾಗಳೇ ಮುಂತಾದವರನ್ನು ಮುಂಜಾಗ್ರತೆಯಾಗಿ ಬಂಧನದಲ್ಲಿಡುವ 1985ರ ಕಾಯಿದೆಯೊಂದಿದೆ. ಕಾಲಾಂತರದಲ್ಲಿ ಚಿತ್ರ, ಹಾಡುಗಳ ಕಳ್ಳಪ್ರತಿ ಮಾಡುವವರನ್ನೂ, 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಅದರೊಳಗೆ ಸೇರಿಸಲಾಯಿತು. ಆದರೆ ಕಾಯಿದೆ ಹಿಡಿಯುವುದು ಮನುಷ್ಯನನ್ನು; ಅವನು ಹೊರದೇಶದಲ್ಲಿದ್ದರೆ ಉಳಿಯುವ ದಾರಿ ತಾಣವನ್ನು ತಡೆಯುವುದೊಂದೇ.

2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮಿನಂತೆ ಕೇಂದ್ರ ಸರಕಾರ ತಾಣಗಳನ್ನು ತಡೆಯಬಹುದು. ಆದರೆ ಅಲ್ಲಿ ಹೇಳಿರುವ ಕಾರಣಗಳು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದವು. ಕೃತಿಸ್ವಾಮ್ಯ ಆ ಪಟ್ಟಿಯಲ್ಲಿಲ್ಲ. ಆದ ಕಾರಣ ಚಿತ್ರನಿರ್ಮಾಪಕರು ಉಚ್ಚ ನ್ಯಾಯಾಲಯಗಳ ಮೆಟ್ಟಿಲೇರಿದರು. 2012ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯೊಂದನ್ನು ಹಿಡಿದು ಸೇವಾಸಂಸ್ಥೆಗಳು ‘ವಿಮಿಯೊ’ದಂಥ ಪ್ರಸಿದ್ಧ ತಾಣಗಳನ್ನೇ ಇಡಿಯಾಗಿ ಮುಚ್ಚಿದುವು. ತಡೆಯಬೇಕಾದುದು ಕಳ್ಳಪ್ರತಿಯಿರುವ ನಿರ್ದಿಷ್ಟ ವಿಳಾಸಗಳನ್ನೇ ಹೊರತು ಇಡೀ ತಾಣವನ್ನಲ್ಲವೆಂದು ಜೂನ್ ತಿಂಗಳಲ್ಲಿ ನ್ಯಾಯಾಲಯವೇ ಸ್ಪಷ್ಟಪಡಿಸಬೇಕಾಯಿತು.

2017ರ ಆಗಸ್ಟ್ ತಿಂಗಳಲ್ಲಿ ಇನ್ನೂ ದೊಡ್ಡ ಪ್ರಮಾದ ಜರುಗಿತು. ಹೊಸ ಹಿಂದಿ ಚಿತ್ರಗಳ ರಕ್ಷಣೆಗೆಂದು ಅದೇ ನ್ಯಾಯಾಲಯದಿಂದ ಪಡೆದ ಆಜ್ಞೆಗಳ ಮೇರೆಗೆ 2600ಕ್ಕೂ ಹೆಚ್ಚು ತಾಣಗಳು ತಡೆಯಲ್ಪಟ್ಟುವು. ಆ ಪಟ್ಟಿಯಲ್ಲಿ ‘ಇಂಟರ್ನೆಟ್ ಆರ್ಕೈವ್’ ಎಂಬ ಗ್ರಂಥಭಂಡಾರವೂ ಇತ್ತು! ಅಂಗಡಿಗಳಲ್ಲಿ ಸಿಕ್ಕದ ಸಾವಿರಾರು ಹಳೆಯ ಕನ್ನಡ ಪುಸ್ತಕಗಳನ್ನು ಇಂದು ನಾವು ಅಲ್ಲಿ ಓದಬಹುದು. ತಡೆ ಬಳಿಕ ತೆರವಾಯಿತು. ಆದರೆ ಕಳ್ಳನನ್ನು ಹುಡುಕಿಕೊಂಡು ಹೋದವರು ಗ್ರಂಥಾಲಯಕ್ಕೆ ಬೀಗ ಜಡಿದು ಬಂದದ್ದು ಸಣ್ಣ ತಪ್ಪೇನಲ್ಲ.

2019ರ ಏಪ್ರಿಲ್ 10ರಂದು ದೆಹಲಿ ಉಚ್ಚ ನ್ಯಾಯಾಲಯವು ಈ ಗೊಂದಲಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟಿತು. ತಾಣದ ಮುಖ್ಯ ಉದ್ದೇಶವೇ ಕಳವೆ? ಒಡೆಯನು ತನ್ನ ಗುರುತನ್ನು ಮರೆಮಾಡಿದ್ದಾನೆಯೆ? ತೆಗೆದುಹಾಕೆಂದು ಹೇಳಿದಾಗ ಸುಮ್ಮನಿದ್ದನೆ? ಇಂಥವುಗಳನ್ನು ಪರಿಶೀಲಿಸಿಯೇ ತಾಣವನ್ನು ಪೋಕರಿ ತಾಣವೆಂದು ನಿರ್ಣಯಿಸಬೇಕು. ಹಾಗೆ ನಿರ್ಣಯಿಸಿದ ತಾಣ ಹೊಸ ಹೆಸರಿನಲ್ಲಿ ತಲೆಯೆತ್ತಿದರೆ ಮೂಲ ಆಜ್ಞೆಯನ್ನೇ ಅದಕ್ಕೂ ವಿಸ್ತರಿಸಬಹುದು. ಹೊಸ ದಾವೆ ಬೇಕಿಲ್ಲ. 2023ರಲ್ಲಿ ಸಂಸತ್ತು ಸಿನಿಮಾಟೋಗ್ರಾಫ್ ಕಾಯಿದೆಯನ್ನು ತಿದ್ದಿತು. ಕಳ್ಳಪ್ರತಿಗೆ ಮೂರು ತಿಂಗಳಿನಿಂದ ಮೂರು ವರ್ಷಗಳ ವರೆಗೆ ಸೆರೆವಾಸವನ್ನು ವಿಧಿಸಿತು. ಆ ವರ್ಷದ ನವೆಂಬರಿನಲ್ಲಿ ದೂರುಗಳನ್ನು ಸ್ವೀಕರಿಸಲು ಅಧಿಕಾರಿಗಳು ನೇಮಕವಾದರು. ಅವರ ಆಜ್ಞೆ ತಲಪಿದ 48 ಗಂಟೆಗಳಲ್ಲಿ ಕಳ್ಳಪ್ರತಿಯ ಕೊಂಡಿಗಳನ್ನು ತೆಗೆಯಬೇಕೆಂದು ಸರಕಾರ ಪ್ರಕಟಿಸಿತು.

ವೇಗವೂ ವಿವೇಚನೆಯೂ

ವೇಗ ಬೇಕು, ನಿಜ. ಚಿತ್ರದ ಆಯುಸ್ಸು ಕೆಲವೇ ವಾರಗಳದು. ವರ್ಷದ ಮೇಲೆ ಬರುವ ನ್ಯಾಯ ನಿರ್ಮಾಪಕನಿಗೆ ನಿಷ್ಪ್ರಯೋಜಕ. ಆದರೆ ತಡೆಯೆಂಬುದು ಸರಕಿನ ಮೇಲಲ್ಲ, ಹೆಸರಿನ ಮೇಲೆ ಮತ್ತು ದಾರಿಯ ಮೇಲೆ ಬೀಳುವ ಪೆಟ್ಟೆಂಬುದನ್ನು ನಾವು ಕಂಡೆವು. ನಿಪುಣನಾದ ಕಳ್ಳನು ಹೆಸರನ್ನು ಬದಲಿಸಿ ತಪ್ಪಿಸಿಕೊಳ್ಳುತ್ತಾನೆ. ಊರಿಗೆಲ್ಲ ತಿಳಿದ ಹೆಸರನ್ನು ಇಟ್ಟುಕೊಂಡು ಪ್ರಾಮಾಣಿಕವಾಗಿ ಬಾಳುವ ತಾಣಕ್ಕೆ ಆ ಅನುಕೂಲವಿಲ್ಲ. ತಪ್ಪಾಗಿ ಬಿದ್ದ ಪೆಟ್ಟು ಅದನ್ನೇ ಹೆಚ್ಚು ನೋಯಿಸುತ್ತದೆ. ಆದುದರಿಂದ ಪಟ್ಟಿಗೆ ಸೇರಿಸುವ ಮೊದಲು ಪ್ರತಿಯೊಂದು ಹೆಸರನ್ನೂ ಪರೀಕ್ಷಿಸಬೇಕು. ಒಡೆಯನು ಸಿಕ್ಕುವವನಾದರೆ ಅವನನ್ನು ಕೇಳಬೇಕು. ಮುಚ್ಚಿದ ತಾಣದ ಮೇಲೆ ಯಾರ ಆಜ್ಞೆ, ಯಾವ ಕಾರಣ ಎಂಬುದು ಕಾಣಬೇಕು. ತಪ್ಪಾದರೆ ತಿದ್ದುವುದಕ್ಕೆ ಸಮೀಪದ ದಾರಿಯಿರಬೇಕು.

ಕಿಡ್ಡನ ರಹದಾರಿಗಳು ದೊರೆಯುವ ಹೊತ್ತಿಗೆ ಅವನು ಸತ್ತು ಎರಡು ಶತಮಾನಗಳು ಸಂದಿದ್ದುವು. ಮುಚ್ಚಿದ ತಾಣವನ್ನು ಮರಳಿ ತೆರೆಯಬಹುದೆಂಬುದು ಸಮಾಧಾನದ ಸಂಗತಿ. ಆದರೆ ಅದನ್ನು ತೆರೆಯುವುದಕ್ಕೆ ಬೇಕಾದ ಕಾಗದಪತ್ರಗಳನ್ನು ಮುಚ್ಚುವ ದಿನವೇ ನೋಡುವುದು ಲೇಸಲ್ಲವೆ?