ಮುಳ್ಳು ನೋಡಿ ಮೋಸ ಹೋಗಬೇಡಿ: ಬ್ರಹ್ಮದಂಡೆ ಗುರುತಿಸೋದು ಹೀಗೆ

ಬದುವಿನ ಮೇಲೊಂದು ಮುಳ್ಳಿನ ಗಿಡ. ಒಬ್ಬರು ಬ್ರಹ್ಮದಂಡೆ ಅಂತಾರೆ, ಇನ್ನೊಬ್ಬರು ದತ್ತೂರಿ ಅಂತಾರೆ. ತಮಿಳಿನಲ್ಲಂತೂ ‘ಬ್ರಹ್ಮದಂಡು’ ಅಂದ್ರೆ ಬೇರೆಯದೇ ಗಿಡ, ನಮ್ಮ ಅರಿಶಿನ ಉಮ್ಮತ್ತಿ. ಅದರ ಬೀಜ ವಿಷ. ಹಾಗಾಗಿ ಹೆಸರು ನಂಬಬೇಡಿ, ಗಿಡ ನೋಡಿ.

ಮೊಬೈಲ್‌ನಲ್ಲಿ ಮೂರು ಫೋಟೋ ತೆಗೀರಿ: ಹೂವು, ಎಲೆಯ ಕೆಳಭಾಗ, ಮುರಿದ ಕಾಂಡ.

ಬ್ರಹ್ಮದಂಡೆ
• ಹೂವು: ಮುಳ್ಳು ಚಾಚಿದ ಚೆಂಡಿನಂತೆ ದುಂಡಗೆ, ಬಿಳಿ ಅಥವಾ ತಿಳಿನೀಲಿ.
• ಎಲೆ: ಆಳವಾಗಿ ಸೀಳಿದ್ದು, ಅಂಚಿಗೆ ಮುಳ್ಳು. ತಿರುಗಿಸಿದ್ರೆ ಹತ್ತಿಯಂಥ ಬಿಳಿ ನವಿರು.
• ಕಾಂಡ ಮುರಿದ್ರೆ ಹಳದಿ ಹಾಲು ಬರಲ್ಲ.

ಅರಿಶಿನ ಉಮ್ಮತ್ತಿ (ಕೆಲವೆಡೆ ದತ್ತೂರಿ)
• ಹೂವು: ತೆಳು ಎಸಳಿನ, ಅಗಲವಾದ ಹಳದಿ ಹೂವು.
• ಎಲೆ: ನೀಲಿ ಛಾಯೆಯ ಹಸಿರು, ನರಗಳ ಉದ್ದಕ್ಕೂ ಬಿಳಿ ಪಟ್ಟೆ.
• ಕಾಂಡ ಮುರಿದ ಕೂಡಲೇ ಅರಿಶಿನ ಬಣ್ಣದ ಹಾಲು. ಹೂವಿಲ್ಲದಾಗಲೂ ಈ ಗುರುತು ಸಾಕು.

ಇನ್ನೆರಡು ಗಿಡ
ನೆಲಗುಳ್ಳ ನೆಲಕ್ಕೆ ಹರಡುತ್ತೆ. ನೇರಳೆ ಹೂವು, ಬದನೆ ಜಾತಿಯ ಪುಟ್ಟ ಕಾಯಿ, ಹಣ್ಣಾದ್ರೆ ಹಳದಿ. ಕುಸುಬೆ ಬ್ರಹ್ಮದಂಡೆಯ ನೆಂಟನೇ, ಎರಡೂ ಸೂರ್ಯಕಾಂತಿ ಕುಟುಂಬದವು. ಆದ್ರೆ ಕುಸುಬೆ ಹೂವು ಹಳದಿ, ಕೇಸರಿ. ಎಲೆಯಡಿ ಬಿಳಿ ನವಿರು ಇರಲ್ಲ. ಕಳೆ ಅಂತ ಬೆಳೆಯನ್ನೇ ಕೀಳಬೇಡಿ!

ಯಾಕೆ ಇಷ್ಟು ಎಚ್ಚರ?
ಅರಿಶಿನ ಉಮ್ಮತ್ತಿಯ ಬೀಜ ಕಪ್ಪಗೆ, ಸಾಸಿವೆಯಷ್ಟೇ ಗಾತ್ರ. ಸಾಸಿವೆ ಜೊತೆ ಗಾಣಕ್ಕೆ ಹೋದ್ರೆ ಎಣ್ಣೆಯಲ್ಲಿ ಸಾಂಗ್ವಿನರಿನ್ ಎಂಬ ವಿಷ ಸೇರುತ್ತೆ. ಅದನ್ನು ತಿಂದವರ ಕಾಲು ಊದಿಕೊಳ್ಳುತ್ತೆ, ಉಸಿರಾಟ ಕಷ್ಟವಾಗುತ್ತೆ, ಹೃದಯಕ್ಕೂ ಪೆಟ್ಟು. 1998ರಲ್ಲಿ ದೆಹಲಿಯಲ್ಲಿ ಹೀಗೆ ಬೆರೆತ ಸಾಸಿವೆ ಎಣ್ಣೆಯಿಂದ ಹಲವರು ಸತ್ತರು.

ನೀವು ಮಾಡಬೇಕಾದ್ದು
• ಅರಿಶಿನ ಉಮ್ಮತ್ತಿಯನ್ನು ಹೂ ಬಿಡುವ ಮುಂಚೆಯೇ ಕೈಗವಸು ಹಾಕ್ಕೊಂಡು ಬೇರುಸಹಿತ ಕೀಳಿ.
• ಕಾಯಿ ಬಲಿತಿದ್ರೆ ಅಲುಗಾಡಿಸದೆ ಚೀಲಕ್ಕೆ ಹಾಕಿ. ಗೊಬ್ಬರದ ಗುಂಡಿಗೆ ಬೇಡ.
• ಸಾಸಿವೆ ಕೊಯ್ಲಿಗೆ ಮುಂಚೆ ಹೊಲ ಒಮ್ಮೆ ಸುತ್ತಿ ಬನ್ನಿ. ಒಕ್ಕಿದ ಮೇಲೆ ಬೀಜ ಬೇರ್ಪಡಿಸೋದು ಬಲು ಕಷ್ಟ.
• ಬ್ರಹ್ಮದಂಡೆ ಅಂತ ಯಾರಾದ್ರೂ ಮದ್ದಿಗೆ ಬೇರು, ಬೀಜ ಕೊಟ್ರೆ, ಇಡೀ ಗಿಡ ನೋಡದೆ ಬಳಸಬೇಡಿ.

ಅನುಮಾನ ಬಂದ್ರೆ ಮೂರೂ ಫೋಟೋ ಹಿಡ್ಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ತೋರಿಸಿ.